ಕತ್ತರಿಗೆ ಕೆಲಸವಿಲ್ಲದ ಅಂಗಿ: ಯೇಸುವಿನ ಕಾಲದ ಉಡುಪು ಹೊಲಿದ ನನ್ನ ಅನುಭವ

ಕ್ರಿಸ್‌ಮಸ್ ನಾಟಕದ ಕುರುಬ ಅಂದರೆ ಪಟ್ಟೆ ನೈಟಿ, ತಲೆಗೊಂದು ಟವೆಲ್. ನಾನು ಹೊಲಿಯುವುದು ಇಸ್ರೇಲಿನ ಮಸಾದ ಕೋಟೆಯಲ್ಲೂ ಮೃತ ಸಮುದ್ರದ ಬಳಿಯ ಗುಹೆಗಳಲ್ಲೂ ಸಿಕ್ಕಿದ ಉಣ್ಣೆ ಬಟ್ಟೆಗಳ ಮಾದರಿಯಲ್ಲಿ. ಆ ಅಂಗಿಗೆ ಕಾಲರ್ ಇಲ್ಲ, ತೋಳಿನ ಕಟಿಂಗ್ ಇಲ್ಲ. ಎರಡು ಆಯತದ ತುಂಡು, ಅಷ್ಟೇ. ಕೈಯಲ್ಲಿ ನೂತು ಕೈಯಲ್ಲೇ ನೇಯ್ದದ್ದನ್ನು ಕತ್ತರಿಸಿ ಚೂರು ಎಸೆಯಲು ಯಾರಿಗೆ ಮನಸ್ಸು ಬಂದೀತು?

48 ಇಂಚು ಅಗಲದ, ಬಣ್ಣ ಹಾಕದ ಉಣ್ಣೆ ಬಟ್ಟೆ 2 ಮೀಟರ್ ತೆಗೆದುಕೊಂಡು ಸಮನಾಗಿ ಎರಡು ಮಾಡುತ್ತೇನೆ. ಮಗ್ಗದ ಅಗಲವೇ ಅಂಗಿಯ ಉದ್ದ. ಹೀಗೆ ಬಟ್ಟೆಯನ್ನು ಅಡ್ಡ ತಿರುಗಿಸಿದರೆ ನೇಯ್ಗೆಯ ಗಟ್ಟಿ ಅಂಚು ಕುತ್ತಿಗೆಗೂ ಕೆಳತುದಿಗೂ ಬರುತ್ತದೆ, ಮಡಚಿ ಹೊಲಿಯುವ ಕೆಲಸ ತಪ್ಪುತ್ತದೆ. ಹೆಗಲ ಮೇಲೆ ಹೊಲಿಯುವಾಗ ನಡುವೆ 30 ಸೆಂ.ಮೀ. ಬಿಟ್ಟರೆ ಅದೇ ಕೊರಳು. ಪಕ್ಕಗಳಲ್ಲಿ ಮೇಲಿನ 25 ಸೆಂ.ಮೀ. ಕೈಗೆ ಬಿಡಬೇಕು. ಕೊರಳಿನ ಎರಡೂ ತುದಿಯಿಂದ ಹಿಂದೆ ಮುಂದೆ ನೇರ ಇಳಿಯುವ ಕಡುಗೆಂಪು ಪಟ್ಟೆಯನ್ನು ಅಂದು ಹೊಕ್ಕಿನಲ್ಲೇ (ಅಡ್ಡ ನೂಲಿನಲ್ಲೇ) ನೇಯುತ್ತಿದ್ದರು. ನಾನು ಎರಡು ಬೆರಳಗಲದ ಪಟ್ಟಿ ಕೂರಿಸುತ್ತೇನೆ. ಯೇಸುವಿನ ಒಳಂಗಿಗೆ ಈ ಹೆಗಲ ಹೊಲಿಗೆಯೂ ಇರಲಿಲ್ಲ (ಯೋಹಾನ 19:23). ಸೈನಿಕರು ಅದನ್ನು ಹರಿಯದೆ ಚೀಟಿ ಹಾಕಿದ್ದು ಅದಕ್ಕೇ.

ಸುತ್ತಳತೆಯಲ್ಲಿ ಮಾತ್ರ ಜಿಪುಣತನ ಬೇಡ. 2 ಮೀಟರ್ ಇದ್ದರೆ ‘ನಡುಕಟ್ಟು’ ಅಂದರೆ ಏನೆಂದು ಮಾಡಿ ತೋರಿಸಬಹುದು: ಹಿಂದಿನ ತುದಿಯನ್ನು ಕಾಲುಗಳ ನಡುವಿನಿಂದ ಮುಂದೆಳೆದು ಸೊಂಟಪಟ್ಟಿಗೆ ಸಿಕ್ಕಿಸುವುದು. ಗದ್ದೆಗಿಳಿಯುವವರು ಕಚ್ಚೆ ಹಾಕಿದ ಹಾಗೇ. ಬಟ್ಟೆ ಕಡಿಮೆಯಾದರೆ ತೊಡೆಯಲ್ಲಿ ಬಿಗಿದು ಪಕ್ಕದ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಮೇಲ್ಹೊದಿಕೆ 2.5 ಮೀಟರ್ ಉದ್ದ, 1.4 ಮೀಟರ್ ಅಗಲ. ಅದರ ಬೆಲೆಯೆಲ್ಲ ನಾಲ್ಕು ಮೂಲೆಯ ಗೊಂಡೆಗಳಲ್ಲಿದೆ (ಬೈಬಲಿನ ಅರಣ್ಯಕಾಂಡ 15:38). ದಾವೀದ ಸೌಲನ ನಿಲುವಂಗಿಯ ಅಂಚು ಕತ್ತರಿಸಿ ಆಮೇಲೆ ಮನಸ್ಸು ಕೆಡಿಸಿಕೊಂಡದ್ದು ಸುಮ್ಮನೆ ಅಲ್ಲ. ಅರಸನ ಅಂಚು ಅಂದರೆ ಅರಸನ ಅಧಿಕಾರ. ಮೂಲೆಯ ಎರಡೂ ಅಂಚಿನಿಂದ 4 ಸೆಂ.ಮೀ. ಒಳಗೆ ರಂಧ್ರ ಮಾಡಿ ನಾಲ್ಕು ಉಣ್ಣೆ ಎಳೆ ತೂರಿಸಿ ಮಡಚಿದರೆ ಎಂಟಾಗುತ್ತದೆ. ನೀಲಿ ಎಳೆ ಉಳಿದವಕ್ಕಿಂತ ಎರಡರಷ್ಟು ಉದ್ದವಿರಲಿ, ಸುತ್ತುವುದು ಅದನ್ನೇ. ಜೋಡಿ ಗಂಟು, ಸುತ್ತು, ಮತ್ತೆ ಜೋಡಿ ಗಂಟು. ಇಂದು ಯೆಹೂದಿಗಳು ಕಟ್ಟುವ 7-8-11-13 ಸುತ್ತಿನ ಲೆಕ್ಕ ಬಹಳ ನಂತರದ್ದು, ಈ ಪಾತ್ರಕ್ಕೆ ಅದು ಬೇಡ. ರಂಧ್ರ ಅಂಚಿಗೆ ಹತ್ತಿರವಾದರೆ ಭಾರಕ್ಕೆ ಮೂಲೆ ಹರಿಯುತ್ತದೆ.

ನೀಲಿಗೆ ಅಂದು ಮ್ಯೂರೆಕ್ಸ್ ಎಂಬ ಕಡಲ ಬಸವನಹುಳು ಬೇಕಿತ್ತು. ಅದರ ಬಣ್ಣದ ತೊಟ್ಟಿಗೆ ಬಿಸಿಲು ಬಿದ್ದರೆ ನೇರಳೆ ಹೋಗಿ ನೀಲಿ ಬರುತ್ತದೆ. ನಾನು ಬಳಸುವುದು ಗಿಡದ ನೀಲಿ. ಅದೇ ರಾಸಾಯನಿಕವಾದರೂ ರಬ್ಬಿಗಳು (ಯೆಹೂದಿ ಧರ್ಮಗುರುಗಳು) ಅದನ್ನು ನಕಲಿ ಎಂದರು, ನಾಟಕಕ್ಕೆ ಸಾಕು. ಎಳೆ ಹಳದಿ ಮಿಶ್ರಿತ ಹಸಿರಾಗಿ ಹೊರಬಂದು ಗಾಳಿಗೆ ನೀಲಿಯಾಗುತ್ತದೆ. ಒಮ್ಮೆಗೇ ಹೊತ್ತುಗಟ್ಟಲೆ ಅದ್ದಿದರೆ ಬಣ್ಣ ಮೇಲ್ಮೈಯಲ್ಲೇ ಕೂತು ಕೈಗೆ ಅಂಟುತ್ತದೆ. ಎರಡೆರಡು ನಿಮಿಷದಂತೆ ಐದಾರು ಸಲ, ನಡುನಡುವೆ ಗಾಳಿಗೆ ಹಿಡಿದು ಅದ್ದಬೇಕು. ಕೊನೆಗೆ ವಿನಿಗರ್ ನೀರಿನಲ್ಲಿ ಜಾಲಿಸದಿದ್ದರೆ ತೊಟ್ಟಿಯ ಕ್ಷಾರ ಉಣ್ಣೆಯನ್ನು ತಿನ್ನುತ್ತದೆ.

ಹೊಲಿಯಲು ನಾರಗಸೆಯ (ಲಿನನ್) ದಾರ ಬೇಡ, ಉಣ್ಣೆ ಅಥವಾ ಹತ್ತಿಯದೇ ಇರಲಿ. ಉಣ್ಣೆ ಮತ್ತು ಲಿನನ್ ಬೆರೆಸಬಾರದೆಂದು ಧರ್ಮೋಪದೇಶಕಾಂಡ 22:11 ಹೇಳುತ್ತದೆ. ಆ ಬೆರಕೆ ಯಾಜಕನ ಏಫೋದಿನಂಥ (ಆರಾಧನೆಯ ಮೇಲುಡುಪು) ಪವಿತ್ರ ಉಡುಪಿಗೆ ಮೀಸಲು.

ಮುಗಿದ ಹೊದಿಕೆಯನ್ನು ಮೈಮೇಲೆಳೆದು ನೆಲದಲ್ಲಿ ಮಲಗಿ ನೋಡುತ್ತೇನೆ. ಅಡವಿಟ್ಟ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕಿತ್ತು, ಬಡವನಿಗೆ ಹೊದೆಯಲು ಅದೊಂದೇ. ಪಾದ ಹೊರಗುಳಿದರೆ ಅಳತೆ ತಪ್ಪಿದೆ.