ಸ್ನೇಕ್ ಪ್ಲಾಂಟೋ, ಪೀಸ್ ಲಿಲಿಯೋ: ಆರಿಸುವ ಕ್ರಮ

ನರ್ಸರಿಯಲ್ಲಿ ಅಕ್ಕಪಕ್ಕ ಜೋಡಿಸಿಟ್ಟಿರುವ ಸ್ನೇಕ್ ಪ್ಲಾಂಟ್, ಪೀಸ್ ಲಿಲಿ ಎಂಬ ಈ ಎರಡು ಮನೆಯೊಳಗಿನ ಕುಂಡದ ಗಿಡಗಳನ್ನು ಒಟ್ಟಿಗೇ ಕೊಂಡು ತಂದು, ದಿನಾ ಬೆಳಿಗ್ಗೆ ಎರಡಕ್ಕೂ ಒಂದೊಂದು ಲೋಟ ನೀರು ಹಾಕುವವರು ಬಹಳ ಮಂದಿ. ಮಳೆಗಾಲ ಮುಗಿಯುವಷ್ಟರಲ್ಲಿ ಸ್ನೇಕ್ ಪ್ಲಾಂಟ್ ಬುಡ ಕೊಳೆತು ಮಗ್ಗುಲಿಗೆ ಬಿದ್ದಿರುತ್ತದೆ. ಆದ್ದರಿಂದ ಎಲೆಯ ಚೆಲುವು ನೋಡುವ ಮೊದಲು ನೀರು ಹಾಕುವವರ ಸ್ವಭಾವ ನೋಡಬೇಕು. ಆಗಾಗ ಊರಿಗೆ ಹೋಗುವವರಿಗೆ ಸ್ನೇಕ್ ಪ್ಲಾಂಟ್. ಗಿಡ ಕಂಡರೆ ನೀರು ಹಾಕದೆ ಇರಲಾರದವರಿಗೆ ಪೀಸ್ ಲಿಲಿ.

ಮೊದಲು ಬೆಳಕು. ಗಿಡ ಇಡುವ ಜಾಗದಲ್ಲಿ ಮಧ್ಯಾಹ್ನ ಬಿಳಿ ಹಾಳೆ ಇಟ್ಟು, ಅದರಿಂದ ಒಂದಡಿ ಮೇಲೆ ಕೈ ಹಿಡಿಯಿರಿ. ನೆರಳಿನ ಅಂಚು ಚೂಪಾಗಿದ್ದರೆ ಅಲ್ಲಿ ಪೀಸ್ ಲಿಲಿಯ ಎಲೆ ಸುಡುತ್ತದೆ, ಸ್ನೇಕ್ ಪ್ಲಾಂಟ್ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಅಂಚು ಮಸುಕಾಗಿದ್ದರೆ ಎರಡೂ ಆದೀತು. ನೆರಳೇ ಬೀಳದಿದ್ದರೆ ಯಾವುದನ್ನೂ ತರಬೇಡಿ.

ಎಲ್ಲರೂ ಎಡವುವುದು ನೀರಿನ ವಿಷಯದಲ್ಲಿ. ಪಶ್ಚಿಮ ಆಫ್ರಿಕಾ ಮೂಲದ ಸ್ನೇಕ್ ಪ್ಲಾಂಟ್ ತನ್ನ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಪೀಸ್ ಲಿಲಿಯಾದರೋ ಮಳೆಕಾಡಿನ ನೆರಳಿನಲ್ಲಿ, ಸದಾ ತೇವವಿರುವ ನೆಲದಲ್ಲಿ ಬೆಳೆದು ಬಂದದ್ದು. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬೆರೆತ ಮಣ್ಣು ಮೇಲೆ ಒಣಗಿದಂತೆ ಕಂಡರೂ ಕೆಳಗೆ ಒದ್ದೆಯಾಗಿಯೇ ಇರುವುದರಿಂದ ಕಣ್ಣನ್ನು ನಂಬಬೇಡಿ. ಉರಿದು ಉಳಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತುದಿಯವರೆಗೆ ಒಣಗಿಯೇ ಬಂದರೆ ಮಾತ್ರ ಸ್ನೇಕ್ ಪ್ಲಾಂಟಿಗೆ ನೀರು. ಪೀಸ್ ಲಿಲಿಗೆ ಮೇಲಿನ ಒಂದಿಂಚು ಒಣಗಿದರೆ ಸಾಕು. ಹಾಕುವಾಗ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಬಾಯಾರಿದ ಪೀಸ್ ಲಿಲಿ ಜೋತು ಬಿದ್ದರೂ ನೀರು ಕಂಡ ಕೆಲವೇ ಗಂಟೆಗಳಲ್ಲಿ ನೆಟ್ಟಗಾಗುತ್ತದೆ. ಆದರೆ ಮಣ್ಣು ಒದ್ದೆಯಿದ್ದೂ ಜೋತು ಬಿದ್ದಿದ್ದರೆ ಬೇರು ಕೊಳೆಯುತ್ತಿದೆ ಎಂದು ತಿಳಿದು ನೀರು ನಿಲ್ಲಿಸಬೇಕು. ಅಗ್ಗದ ತೇವಮಾಪಕಗಳು ಮಣ್ಣಿನ ಲವಣಕ್ಕೂ ಮುಳ್ಳು ಆಡಿಸುವುದರಿಂದ ಆ ದುಡ್ಡಿಗೆ ತೂತಿರುವ ಒಳ್ಳೆಯ ಕುಂಡ ತನ್ನಿ: ಸ್ನೇಕ್ ಪ್ಲಾಂಟಿಗೆ ಮಣ್ಣಿನದು, ಪೀಸ್ ಲಿಲಿಗೆ ಪ್ಲಾಸ್ಟಿಕ್ಕಿನದು.

ಮನೆಯ ನೀರು ಗಡಸು ಬೋರ್‌ವೆಲ್ ನೀರಾದರೆ ಪೀಸ್ ಲಿಲಿಯ ಎಲೆತುದಿ ಕಂದಾಗುತ್ತದೆ. ಅದಕ್ಕೆ ಮಳೆನೀರೇ ಮೇಲು. ಉಳಿತಾಯವೆಂದು ಆರ್‌ಒ ಯಂತ್ರ ಹೊರಹಾಕುವ ನೀರನ್ನು ಎರೆಯಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಗಾಳಿ ಶುದ್ಧಮಾಡುತ್ತದೆ ಎಂಬ ಕಾರಣಕ್ಕೆ ಎರಡರಲ್ಲಿ ಒಂದನ್ನು ಆರಿಸುವ ಅಗತ್ಯವಿಲ್ಲ: ಎಲ್ಲರೂ ಹೆಸರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯಲ್ಲಿ, ಕಿಟಕಿ ತೆರೆದ ಮನೆಯಲ್ಲಲ್ಲ. ಕಚ್ಚುವ ಬೆಕ್ಕು, ಬಾಯಿಗೆ ಹಾಕಿಕೊಳ್ಳುವ ಮಗು ಇದ್ದರೆ ಎರಡನ್ನೂ ಕೈಗೆಟುಕದಂತೆ ಇಡಬೇಕು. ಪೀಸ್ ಲಿಲಿಯ ಆಕ್ಸಲೇಟ್ ಹರಳುಗಳು ಬಾಯಿ ಉರಿಸುತ್ತವೆ, ಸ್ನೇಕ್ ಪ್ಲಾಂಟ್ ವಾಂತಿ ತರಿಸಬಹುದು.

ಗಿಡ ಹೆಚ್ಚಿಸಲು ಎರಡನ್ನೂ ಬುಡದಲ್ಲಿ ಬೇರುಸಹಿತ ಬಿಡಿಸಿ ನೆಡಿ. ಸ್ನೇಕ್ ಪ್ಲಾಂಟಿನ ಎಲೆ ಕತ್ತರಿಸಿ ನೆಡುವುದು ಸುಲಭವೇನೋ ಹೌದು, ಆದರೆ ಹಳದಿ ಅಂಚಿನ ತಳಿಯಾದರೆ ಹೊಸ ಗಿಡಕ್ಕೆ ಆ ಅಂಚು ಬರುವುದಿಲ್ಲ.