ರೆಕಾರ್ಡ್ ಪ್ಲೇಯರ್ ಮುಳ್ಳನ್ನು ನಾನು ಸ್ವಚ್ಛ ಮಾಡುವ ರೀತಿ

ಹಾಡುವವರ ‘ಸ’, ‘ಶ’ಗಳು ಚರ್ರ್ ಅಂತ ಒಡೆದು ಕೇಳಿಸಿದರೆ ರೆಕಾರ್ಡ್ ಹಾಳಾಯಿತು ಅಂದುಕೊಳ್ಳಬೇಡಿ. ಮೊದಲು ಮುಳ್ಳನ್ನು ನೋಡಿ. ಧೂಳಿನ ಉಂಡೆ ಕಣ್ಣಿಗೆ ಕಂಡರೆ ತೆಗೆಯುವುದು ಸುಲಭ. ವಜ್ರದ ತುದಿಗೆ ಕಪ್ಪಗೆ ಅಂಟಿ ಗಟ್ಟಿಯಾದ ಕೊಳೆ ಮಾತ್ರ ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೆ ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಬೇಕು. ನನ್ನದನ್ನು ನಗರ್ತಪೇಟೆ ಕಡೆ ಹೋದಾಗ ತಂದೆ, ಈಗ ಅದಿಲ್ಲದೆ ಈ ಕೆಲಸಕ್ಕೆ ಕೂರುವುದಿಲ್ಲ.

ಬೆಂಗಳೂರಿನಲ್ಲಿ ಈ ಕೊಳೆ ಸ್ವಲ್ಪ ಜಾಸ್ತಿನೇ. ನಮ್ಮ ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಕಿಟಕಿ ತೆರೆದರೆ ಸಿಮೆಂಟ್ ಧೂಳು. ಜನವರಿಯಿಂದ ಯುಗಾದಿವರೆಗೆ ಗಾಳಿ ಒಣಗಿರುತ್ತದೆ, ಆಗ ವಿನೈಲ್ ರೆಕಾರ್ಡ್ ಮೇಲೆ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ. ಹಾಲ್ ಪಕ್ಕದಲ್ಲೇ ಅಡುಗೆಮನೆ ಇದ್ದರೆ ಒಗ್ಗರಣೆಯ ಜಿಡ್ಡೂ ಸೇರುತ್ತದೆ.

ಕೈ ಹಾಕುವ ಮೊದಲು ಅಲ್ಲಿ ಯಾವುದು ನಾಜೂಕು ಅಂತ ಗೊತ್ತಿರಬೇಕು. ವಜ್ರಕ್ಕೆ ಬ್ರಶ್ ಏನೂ ಮಾಡಲಾರದು. ಅದನ್ನು ಹೊತ್ತಿರುವ ಕಡ್ಡಿ ಇದೆಯಲ್ಲ, ಕ್ಯಾಂಟಿಲೀವರ್, ಅದು ಸಾಮಾನ್ಯವಾಗಿ ತುಂಬಾ ತೆಳ್ಳಗಿನ ಅಲ್ಯೂಮಿನಿಯಂ ಕೊಳವೆ. ವಜ್ರ ಅದಕ್ಕೆ ಅಂಟಿನಿಂದ ಕೂತಿರುತ್ತದೆ, ಕಡ್ಡಿಯ ಹಿಂದಿನ ತುದಿಯನ್ನು ಪುಟ್ಟ ರಬ್ಬರ್ ಹಿಡಿದಿರುತ್ತದೆ. ಮುಳ್ಳು ಕೂರುವ ಪುಟ್ಟ ಡಬ್ಬಿಗೆ ಕಾರ್ಟ್ರಿಡ್ಜ್ ಅಂತಾರೆ, ನಾನು ಬಳಸುವುದು ಆಡಿಯೋ-ಟೆಕ್ನಿಕಾ ವಿಎಂ95ಇ. ಅದು ರೆಕಾರ್ಡ್ ಮೇಲೆ ಊರುವ ಭಾರ ಬರೀ 2 ಗ್ರಾಂ. ಬೆರಳಿನಿಂದ ಸುಮ್ನೆ ಒಮ್ಮೆ ತಟ್ಟಿದರೂ ಅದಕ್ಕಿಂತ ಎಷ್ಟೋ ಪಟ್ಟು ಬಲ ಬೀಳುತ್ತದೆ. ಅದಕ್ಕೇ ಬೆರಳು ಬೇಡ.

ಮೊದಲು ಆಂಪ್ಲಿಫಯರ್ ಆರಿಸುತ್ತೇನೆ. ಇಲ್ಲದಿದ್ದರೆ ಬ್ರಶ್ ತಾಗಿದ ಸದ್ದು ಸ್ಪೀಕರಿನಲ್ಲಿ ಧಡ್ ಅಂತ ಬರುತ್ತದೆ, ಅದು ಸ್ಪೀಕರಿಗೂ ಒಳ್ಳೆಯದಲ್ಲ. ಆರ್ಮ್ ತನ್ನ ಸ್ಟ್ಯಾಂಡಿನಲ್ಲಿ, ಕ್ಲಿಪ್ ಹಾಕಿ. ಒಂದು ಕೈಯಲ್ಲಿ ಹೆಡ್‌ಶೆಲ್, ಅಂದರೆ ಆರ್ಮಿನ ತುದಿಯಲ್ಲಿ ಕಾರ್ಟ್ರಿಡ್ಜ್ ಕೂರುವ ಭಾಗ, ಇನ್ನೊಂದರಲ್ಲಿ ಒಣಗಿದ ಸಣ್ಣ ಸ್ಟೈಲಸ್ (ಮುಳ್ಳು) ಬ್ರಶ್. ಹಿಂದಿನಿಂದ ಮುಂದಕ್ಕೆ, ಅಂದರೆ ಆರ್ಮಿನ ಬುಡದ ಕಡೆಯಿಂದ ಕಾರ್ಟ್ರಿಡ್ಜ್‌ನ ಮೂತಿಯ ಕಡೆಗೆ, ಹಗುರವಾಗಿ ಎರಡು ಮೂರು ಸಲ. ರೆಕಾರ್ಡ್ ತಿರುಗುವಾಗ ಅದರ ಗೆರೆಯೂ ಮುಳ್ಳಿನ ಕೆಳಗೆ ಇದೇ ದಿಕ್ಕಿನಲ್ಲಿ ಓಡುತ್ತದೆ, ಕಡ್ಡಿ ಆ ಎಳೆತಕ್ಕೆಂದೇ ಮಾಡಿದ್ದು. ಮುಂದಿನಿಂದ ಹಿಂದಕ್ಕೆ ತಳ್ಳಿದರೆ ಬಾಗುತ್ತದೆ, ಅಡ್ಡಡ್ಡ ಉಜ್ಜಿದರೆ ಸೊಟ್ಟಗಾಗುತ್ತದೆ. ಒಮ್ಮೆ ಬಾಗಿದ ಕ್ಯಾಂಟಿಲೀವರನ್ನು ನೆಟ್ಟಗೆ ಮಾಡಲು ಹೋದರೆ ಮುರಿಯುವುದೇ ಹೆಚ್ಚು. ಈ ಬ್ರಶ್ ಕೆಲಸ ಪ್ರತಿ ಎಲ್‌ಪಿಗೂ ಮಾಡುತ್ತೇನೆ, ಅರ್ಧ ನಿಮಿಷ ಕೂಡ ಹಿಡಿಯುವುದಿಲ್ಲ.

ಬ್ರಶ್‌ಗೆ ಬಗ್ಗದ ಕೊಳೆಗೆ ಅಂಟಂಟಾದ ಸ್ಟೈಲಸ್ ಜೆಲ್ ಇದೆ. ರೆಕಾರ್ಡ್ ತಿರುಗಿಸುವ ತಟ್ಟೆ ನಿಂತಿರಬೇಕು. ಜೆಲ್ಲನ್ನು ಮುಳ್ಳಿನ ಕೆಳಗೆ ಇಟ್ಟು, ಆರ್ಮನ್ನು ಏರಿಸಿ ಇಳಿಸುವ ಕ್ಯೂ ಲಿವರಿನಿಂದ ನಿಧಾನ ಇಳಿಸಿ, ಹಾಗೇ ನೇರ ಮೇಲಕ್ಕೆ ಎತ್ತುತ್ತೇನೆ. ಕೈಯಿಂದ ಇಳಿಸುವುದಿಲ್ಲ. ಕೆಲವರು ಗೋಡೆಯ ಕಲೆ ಒರೆಸುವ ಬಿಳಿ ಮೆಲಮೈನ್ ಸ್ಪಂಜಿನ ತುಂಡನ್ನು ಹೀಗೇ ಬಳಸುತ್ತಾರೆ. ಕೊಳೆ ಚೆನ್ನಾಗಿ ಹೋಗುತ್ತದೆ ನಿಜ, ಆದರೆ ಮುಳ್ಳು ಒಳಗಿದ್ದಾಗ ಒಂದಿಷ್ಟು ಪಕ್ಕಕ್ಕೆ ಜರುಗಿದರೂ ಸ್ಪಂಜು ವಜ್ರವನ್ನು ಹಿಡಿದುಕೊಳ್ಳುತ್ತದೆ. ನನಗೆ ಜೆಲ್ಲೇ ವಾಸಿ.

ದ್ರವದ ವಿಷಯಕ್ಕೆ ನಾನು ತುಂಬಾ ಹಿಂಜರಿಯುತ್ತೇನೆ. ಐಸೊಪ್ರೊಪೈಲ್ ಆಲ್ಕೋಹಾಲ್ ಕಡ್ಡಿಯುದ್ದಕ್ಕೂ ಮೇಲೆ ಹರಿದು ಅಂಟಿಗೂ ರಬ್ಬರಿಗೂ ತಲುಪಬಹುದು. ಹಾಕಲೇಬೇಕಾದರೆ ಬ್ರಶ್ಶಿನ ತುದಿ ತೇವವಾಗುವಷ್ಟು ಮಾತ್ರ, ಆಮೇಲೆ ಪೂರ್ತಿ ಒಣಗುವವರೆಗೆ ರೆಕಾರ್ಡ್ ಹಾಕಬೇಡಿ. ತಾತನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳಿದ್ದರೆ ಇನ್ನೂ ಎಚ್ಚರ, ಅವು ಅರಗಿನವು, ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಸ್ಯಾನಿಟೈಸರ್, ಗಾಜು ಒರೆಸುವ ಸ್ಪ್ರೇ ಯಾವುದೂ ಬೇಡ. ಬಾಯಿಂದ ಊದುವುದೂ ಬೇಡ, ಎಂಜಲಿನ ಹನಿ ಹಾರುತ್ತದೆ.

ಮುಳ್ಳಿಗೆ ಕೊಳೆ ಬರುವುದು ರೆಕಾರ್ಡಿನಿಂದ, ಅಲ್ವಾ? ಸೆಕೆಂಡ್ ಹ್ಯಾಂಡ್ ಎಲ್‌ಪಿಗಳಲ್ಲಿ ಮಳೆಗಾಲದ ಬೂಷ್ಟು ಕೂತಿರುತ್ತದೆ. ಅಂಥವನ್ನು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಲೇಬಲ್ ನೆನೆಯದಂತೆ ನೋಡಿಕೊಂಡು, ನೆರಳಲ್ಲಿ ನಿಲ್ಲಿಸಿ ಒಣಗಿಸಿ, ಹೊಸ ಒಳಕವರಿಗೆ ಹಾಕಿದ ಮೇಲೇ ಪ್ಲೇಯರಿಗೆ ಏರಿಸುತ್ತೇನೆ.

ಇಷ್ಟೆಲ್ಲ ಮಾಡಿಯೂ ಆ ಚರ್ರ್ ಸದ್ದು ಹೋಗದಿದ್ದರೆ ಮುಳ್ಳು ಸವೆದಿರಬಹುದು. ನನ್ನ ಮುಳ್ಳಿಗೆ ಕಂಪನಿ ಹೇಳುವ ಆಯಸ್ಸು 300 ಗಂಟೆ. ಒಂದು ಎಲ್‌ಪಿಗೆ ಮುಕ್ಕಾಲು ಗಂಟೆ ಹಿಡಿದರೆ ಸುಮಾರು 400 ಎಲ್‌ಪಿ. ಹಾಕಿದ ತಾರೀಖನ್ನು ಬರೆದಿಟ್ಟುಕೊಳ್ಳಿ. ಸವೆದ ಮುಳ್ಳು ರೆಕಾರ್ಡನ್ನೇ ಕೆರೆಯುತ್ತದೆ, ಅದನ್ನು ಇನ್ನೂ ಸ್ವಲ್ಪ ದಿನ ಅಂತ ಓಡಿಸುವುದು ಬೇಡ. ಮೂವಿಂಗ್ ಮ್ಯಾಗ್ನೆಟ್ (ಮುಳ್ಳಿನ ಜೊತೆ ಅಯಸ್ಕಾಂತ ಅಲುಗುವ) ಕಾರ್ಟ್ರಿಡ್ಜ್ ಆದರೆ ಸಾಮಾನ್ಯವಾಗಿ ಮುಳ್ಳಿನ ಭಾಗವನ್ನಷ್ಟೇ ಬದಲಿಸಿದರೆ ಸಾಕು. ಮೂವಿಂಗ್ ಕಾಯಿಲ್ (ತಂತಿಯ ಸುರುಳಿ ಅಲುಗುವಂಥದು) ಆದರೆ ಹೆಚ್ಚಿನವುಗಳಲ್ಲಿ ಮುಳ್ಳು ಬೇರೆಯಾಗಿ ಬರುವುದಿಲ್ಲ, ಕಾರ್ಟ್ರಿಡ್ಜನ್ನೇ ಕೊಟ್ಟು ರಿಪೇರಿ ಮಾಡಿಸಬೇಕು ಇಲ್ಲವೇ ಹೊಸದು ತರಬೇಕು.