9 ಎಂಎಂ ಅಂದರೆ ಯಾವ 9 ಎಂಎಂ?

ನಾನು ಗುರಿ ಶೂಟಿಂಗ್ ಶುರು ಮಾಡಿ ಆಗಿನ್ನೂ ಎರಡನೇ ವರ್ಷ. 9 ಎಂಎಂ ಪಿಸ್ತೂಲಿನಲ್ಲಿ ಅಭ್ಯಾಸ ನಡೆದಿತ್ತು. ನಾಲ್ಕನೇ ಗುಂಡಿಗೆ ಸದ್ದು ಯಾಕೋ ಸಪ್ಪೆಯಾಗಿ ಬಂತು, ಕೈಗೆ ಒದೆತವೂ ಕಡಿಮೆ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗದೆ, ಮದ್ದು ತುಂಬಿದ್ದ ಲೋಹದ ಕೊಳವೆ, ಅಂದರೆ ಖಾಲಿ ಕೇಸನ್ನು ಕಚ್ಚಿಕೊಂಡು ನಿಂತುಬಿಟ್ಟಿತು. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಸ್ವಲ್ಪ ಹೊತ್ತು ಕಾದೆ. ಮ್ಯಾಗಜೀನ್ ತೆಗೆದೆ, ಕೇಸ್ ತೆಗೆದೆ, ಪಿಸ್ತೂಲು ಬಿಚ್ಚಿ ಬ್ಯಾರೆಲ್ಲನ್ನು ಬೆಳಕಿಗೆ ಹಿಡಿದು ನೋಡಿದೆ. ಗುಂಡು ಒಳಗೆ ಸಿಕ್ಕಿಕೊಂಡಿರಲಿಲ್ಲ. ಕೇಸ್ ಮಾತ್ರ ಗಿಡ್ಡವಾಗಿತ್ತು, ಪಕ್ಕದಲ್ಲಿ ಉಬ್ಬಿತ್ತು. ತಿರುಗಿಸಿ ಹಿಂಬದಿಯ ಅಚ್ಚು ಓದಿದೆ: .380 ಆಟೋ. ಬೇರೆಯೇ ಕಾರ್ಟ್ರಿಡ್ಜ್.

ಪಕ್ಕದ ಮೇಜಿನಲ್ಲಿ .380 ಹೊಡೆಯುತ್ತಿದ್ದರು. ಬಿಡಿಯಾಗಿ ಬಿದ್ದಿದ್ದ ಒಂದನ್ನು ನನ್ನದೇ ಅಂದುಕೊಂಡು ತುಂಬಿಕೊಂಡಿದ್ದೆ.

ಅವತ್ತು ಸಂಜೆಯೇ ಕ್ಯಾಲಿಪರ್ ಹಿಡಿದು ಕೂತೆ. ಎರಡರ ಗುಂಡಿನ ದಪ್ಪವೂ ಸುಮಾರು 9 ಮಿ.ಮೀ. ಕಣ್ಣಿಗೆ ಒಂದೇ ಥರ. ಆದರೆ ಕೇಸಿನ ಉದ್ದ ನನ್ನ ಪಿಸ್ತೂಲಿನ 9 ಎಂಎಂ ಲೂಗರ್‌ಗೆ 19.15 ಮಿ.ಮೀ., .380ಗೆ 17.3 ಮಿ.ಮೀ. ಲೂಗರ್ ಕೇಸಿನ ಬಾಯಿ ಚೇಂಬರಿನ (ಬ್ಯಾರೆಲ್ಲಿನಲ್ಲಿ ಕಾರ್ಟ್ರಿಡ್ಜ್ ಕೂರುವ ಜಾಗ) ತುದಿಯಲ್ಲಿರುವ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. .380 ಅಲ್ಲಿಯವರೆಗೆ ಮುಟ್ಟುವುದೇ ಇಲ್ಲ. ಎಕ್ಸ್‌ಟ್ರಾಕ್ಟರ್ ಕೊಕ್ಕೆ ಅದರ ಅಂಚನ್ನು ಹಿಡಿದುಕೊಂಡಿದ್ದರಿಂದಲೇ ನನ್ನದು ಹಾರಿದ್ದು. ಗರಿಷ್ಠ ಒತ್ತಡದಲ್ಲೂ ಅಂತರ ಜಾಸ್ತಿ: ಲೂಗರ್‌ಗೆ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .380ಗೆ 21,500. ಸದ್ದು ಸಪ್ಪೆಯಾಗಿದ್ದು ಸುಮ್ನೆ ಅಲ್ಲ.

ಹೆಸರುಗಳ ಗೊಂದಲ ಬೇರೆ. 9 ಎಂಎಂ ಕುರ್ಜ್, 9 ಎಂಎಂ ಕೋರ್ಟೋ, 9x17, ಎಲ್ಲವೂ ಇದೇ .380. ಡಬ್ಬದ ಮೇಲೆ 9 ಎಂಎಂ ಅಂತ ಕಂಡ ತಕ್ಷಣ ಕೈ ಹಾಕಬೇಡಿ, ಮುಂದಿನ ಪದವನ್ನೂ ಓದಿ.

ಸೋವಿಯತ್ ಪಿಸ್ತೂಲಿನ ಕಾರ್ಟ್ರಿಡ್ಜ್ ಮಕರೋವ್ ಇನ್ನೂ ಮೋಸದ್ದು. ಅದು 9x18. ಕೇಸು ಇವೆರಡರ ನಡುವಿನ ಉದ್ದದ್ದು, ಹಾಗಾಗಿ ಗುಂಡೂ ಅದೇ ಇರಬೇಕು ಅನ್ನಿಸುತ್ತದೆ ಅಲ್ವಾ? ಅಳೆದರೆ 9.27 ಮಿ.ಮೀ. ಸೋವಿಯತ್ ಕಡೆಯವರು ಬ್ಯಾರೆಲ್ಲಿನ ಒಳಗೆ ಉಬ್ಬಿರುವ ಗೆರೆಗಳ ನಡುವಿನ ಅಳತೆಯಿಂದ ಹೆಸರಿಡುತ್ತಿದ್ದರು, ಗುಂಡಿನ ದಪ್ಪದಿಂದ ಅಲ್ಲ. ಕಾಲು ಮಿಲಿಮೀಟರ್ ಅಂದರೆ ಬೆರಳಿಗೆ ಗೊತ್ತೇ ಆಗುವುದಿಲ್ಲ, ಬ್ಯಾರೆಲ್ಲಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಆಮೇಲೆ ರಿವಾಲ್ವರ್ ಹಿಡಿದೆ. .38 ಸ್ಪೆಷಲ್, .357 ಮ್ಯಾಗ್ನಮ್ ಎರಡರ ಗುಂಡೂ .357 ಇಂಚೇ. .38 ಅನ್ನುವ ಲೆಕ್ಕ ಹಳೇ ಕಾಲದ್ದು, ಗುಂಡು ಕೇಸಿನಷ್ಟೇ ದಪ್ಪ ಇರುತ್ತಿದ್ದಾಗಿನದು. 1930ರ ದಶಕದಲ್ಲಿ ಮ್ಯಾಗ್ನಮ್ ಬಂದಾಗ ಕೇಸನ್ನು ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ ಮಾಡಿದರು, .38 ರಿವಾಲ್ವರಿನ ಸಿಲಿಂಡರಿನೊಳಗೆ (ಕಾರ್ಟ್ರಿಡ್ಜ್ ತುಂಬುವ, ತಿರುಗುವ ಉರುಳೆ) ಪೂರ್ತಿ ಕೂರಬಾರದು ಅಂತ. ಅದು ಬೇಕಾಗಿಯೂ ಇತ್ತು: .38ರ ಮಿತಿ 17,000 ಪಿಎಸ್‌ಐ, ಮ್ಯಾಗ್ನಮ್ಮಿನದು 35,000. ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಹೊಡೆಯಬಹುದು, ತಿರುಗಾಮುರುಗಾ ಆಗಬಾರದು.

ಒಂದು ಸಣ್ಣ ಕಿರಿಕಿರಿ ಇದೆ. ನಾನು ತಿಂಗಳುಗಟ್ಟಲೆ ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಮಾತ್ರ ಹೊಡೆದೆ, ಒದೆತ ಹಿತವಾಗಿರುತ್ತದೆ. ಒಂದು ದಿನ ಮ್ಯಾಗ್ನಮ್ ಹಾಕಲು ಹೋದರೆ ಒಳಗೆ ಹೋಗಲೊಲ್ಲದು. ಗಿಡ್ಡ ಕೇಸಿನ ಬಾಯಿ ನಿಲ್ಲುವ ಜಾಗದ ಮುಂದೆ ಮಸಿ ಬಳೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಒತ್ತಿ ತೂರಿಸಲಿಲ್ಲ. ದ್ರಾವಣ ಹಾಕಿ ನೆನೆಯಲು ಬಿಟ್ಟು, ಹಿತ್ತಾಳೆ ಬ್ರಶ್ಶಿನಲ್ಲಿ ಸಿಲಿಂಡರಿನ ಆರೂ ಕೋಣೆ ಉಜ್ಜಿದೆ, ಎರಡು ಸಂಜೆ ಹಿಡಿಯಿತು. ಈಗ .38 ಹೊಡೆದ ದಿನವೇ ಉಜ್ಜಿ ಇಡುತ್ತೇನೆ.

ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬ ಇಡುತ್ತೇನೆ. ಬಿಡಿ ಕಾರ್ಟ್ರಿಡ್ಜ್ ಸಿಕ್ಕರೆ ತುಂಬುವುದಿಲ್ಲ, ಪಕ್ಕಕ್ಕೆ ಎತ್ತಿಡುತ್ತೇನೆ. ಬ್ಯಾರೆಲ್ ಮೇಲಿನ ಹೆಸರು, ಡಬ್ಬದ ಹೆಸರು, ಕೇಸಿನ ಹಿಂಬದಿಯ ಅಚ್ಚು, ಮೂರೂ ಒಂದೇ ಇದ್ದರೆ ಮಾತ್ರ ಮ್ಯಾಗಜೀನ್ ಕೈಗೆ ತೆಗೆದುಕೊಳ್ಳುವುದು.